ಅಂತೆ, ಇರಬಹುದು, ಆಗುತ್ತದೆ: ಮಕ್ಕಳ ‘ಯಾಕೆ’ಗೆ ಉತ್ತರ ಹೇಳುವ ಬಗೆ

ಬಿಸಿಲು ಕಾಯುತ್ತಿರುವಾಗಲೇ ಮಳೆ ಹನಿಯತೊಡಗಿದರೆ ಕನ್ನಡದಲ್ಲಿ ಅದು ಕಾಗೆಗೂ ನರಿಗೂ ಮದುವೆ. ಕಿಟಕಿಯಲ್ಲಿ ನಿಂತು ಅದನ್ನೇ ಕೂಗುತ್ತಿದ್ದ ಐದು ವರ್ಷದ ಮಗು ಒಂದು ಗಳಿಗೆ ಸುಮ್ಮನಾಗಿ, ಹಿಂದಿರುಗಿ ನೋಡಿ, ‘ನಿಜವಾಗ್ಲೂ ಮದುವೆ ಆಗುತ್ತಾ?’ ಎಂದು ಕೇಳುತ್ತದೆ. ಆಗ ದೊಡ್ಡವರಿಂದ ಬರುವ ಉತ್ತರ ಸಾಮಾನ್ಯವಾಗಿ ಎರಡು ಬಗೆಯದು. ಒಂದು, ‘ಹೌದು, ಕಾಡಿನಲ್ಲಿ ಚಪ್ಪರ ಹಾಕಿದ್ದಾರೆ, ಓಲಗ ಊದುತ್ತಿದ್ದಾರೆ’ ಎಂಬ ಕಾಗಕ್ಕ ಗುಬ್ಬಕ್ಕನ ಕಥೆ. ಇನ್ನೊಂದು, ‘ಅದೆಲ್ಲ ಸುಳ್ಳು, ಸುಮ್ಮನೆ ಹೇಳ್ತಾರೆ’ ಎಂದು ಮಾತನ್ನು ಅಲ್ಲಿಗೇ ಕತ್ತರಿಸುವುದು. ಎರಡೂ ಉತ್ತರಗಳು ಪ್ರಶ್ನೆಯನ್ನು ಅರ್ಧವಷ್ಟೇ ಕೇಳಿಸಿಕೊಂಡು ಹೊರಟವು.

ಆ ಒಂದು ಪ್ರಶ್ನೆಯೊಳಗೆ ಮೂರು ಪ್ರಶ್ನೆಗಳು ಕೂತಿವೆ. ಬಿಸಿಲೂ ಮಳೆಯೂ ಒಟ್ಟಿಗೆ ಬರುವುದು ಹೇಗೆ ಎಂಬುದು ಮೊದಲನೆಯದು. ಈ ಮಾತನ್ನು ಯಾರು, ಯಾಕೆ ಹೇಳತೊಡಗಿದರು ಎಂಬುದು ಎರಡನೆಯದು. ಇದನ್ನು ನಾನು ನಂಬಬೇಕೋ ಬೇಡವೋ ಎಂಬುದು ಮೂರನೆಯದು. ಮಗುವಿನ ಮುಖದಲ್ಲಿ ಹೆಚ್ಚಾಗಿ ಕಾಣುವುದೂ ಅದೇ. ಮೊದಲನೆಯದಕ್ಕೆ ಉತ್ತರ ಸರಳವಾಗಿದೆ. ಮೋಡ ಇಡೀ ಆಕಾಶವನ್ನು ಮುಚ್ಚಬೇಕೆಂದೇನೂ ಇಲ್ಲ. ನೆತ್ತಿಯ ಮೇಲಿನ ಚಿಕ್ಕ ಮೋಡ ಮಳೆ ಸುರಿಸುತ್ತಿರುವಾಗ ಪಕ್ಕದ ತೆರವಿನಿಂದ ಸೂರ್ಯನ ಓರೆ ಬೆಳಕು ಒಳಗೆ ಬರುತ್ತದೆ, ಕೆಲವೊಮ್ಮೆ ದೂರದ ಮೋಡದ ಹನಿಗಳನ್ನು ಗಾಳಿಯೇ ನಮ್ಮ ಕಡೆಗೆ ತಳ್ಳಿ ತರುತ್ತದೆ. ಎರಡನೆಯದಕ್ಕೆ ಉತ್ತರ ಇನ್ನೂ ಸೊಗಸಾಗಿದೆ. ಜಪಾನಿನಲ್ಲಿ ಇಂಥ ಮಳೆಗೆ ನರಿಯ ಮದುವೆ ಎನ್ನುತ್ತಾರೆ, ಕೊರಿಯಾದಲ್ಲಿ ಹುಲಿಯ ಮದುವೆ, ದಕ್ಷಿಣ ಆಫ್ರಿಕಾದಲ್ಲಿ ಕೋತಿಯ ಮದುವೆ. ಒಬ್ಬರನ್ನೊಬ್ಬರು ಕಾಣದಷ್ಟು ದೂರದಲ್ಲಿರುವ ಜನರೂ ಈ ಮಳೆಯನ್ನು ನೋಡಿ ಪ್ರಾಣಿಗಳ ಮದುವೆಯನ್ನೇ ನೆನೆದರು ಎಂದು ಹೇಳಿದರೆ ಮಗುವಿನ ಕಣ್ಣು ಅರಳುತ್ತದೆ. ಮೂರನೆಯ ಪ್ರಶ್ನೆಗೆ ಮಾತ್ರ ಮಾಹಿತಿ ಸಾಲದು, ಅಲ್ಲಿ ಹೇಳುವ ರೀತಿಯೇ ಉತ್ತರ.

ಇದಕ್ಕೆ ಬೇಕಾದ ಸಾಧನ ಕನ್ನಡದ ಕ್ರಿಯಾಪದದ ಬಾಲದಲ್ಲಿಯೇ ಇದೆ. ‘ಭೂಮಿ ಸೂರ್ಯನ ಸುತ್ತ ತಿರುಗುತ್ತದೆ’ ಎಂದರೆ ಹೇಳುವವನು ಅದರ ಹೊಣೆ ಹೊತ್ತಿದ್ದಾನೆ. ‘ರಾಹು ಚಂದ್ರನನ್ನು ನುಂಗಿದನಂತೆ’ ಎಂದರೆ ಅದು ಕೇಳಿದ ಮಾತು, ಹೇಳುವವನು ನೋಡಿದ್ದಲ್ಲ. ‘ಹಿಂದಿನವರು ಹೆದರಿ ಹಾಗೆ ಹೇಳಿರಬಹುದು’ ಎಂದರೆ ಅದು ಊಹೆ. ‘ಅಂತೆ’ಯ ಕೆಲಸಕ್ಕೆ ಬೇರೆ ಎಷ್ಟೋ ಭಾಷೆಗಳಲ್ಲಿ ‘ಎಂದು ಜನ ಹೇಳುತ್ತಾರೆ’ ಎಂಬ ಬೇರೆ ವಾಕ್ಯವೇ ಬೇಕು; ನಮಗೆ ಎರಡು ಅಕ್ಷರ ಸಾಕು. ಮಕ್ಕಳಿಗೆ ಉತ್ತರ ಕೊಡುವಾಗ ಮಾಡಬೇಕಾದ ಮುಖ್ಯ ಕೆಲಸವೆಂದರೆ ಈ ಮೂರನ್ನು ಬೆರೆಸದೆ ಇರುವುದು. ಕಥೆಗೆ ‘ಅಂತೆ’, ಊಹೆಗೆ ‘ಇರಬಹುದು’, ಪರೀಕ್ಷಿಸಿ ತಿಳಿದದ್ದಕ್ಕೆ ‘ಆಗುತ್ತದೆ’. ನಾಲ್ಕೈದು ವರ್ಷದ ಮಗುವಿಗೆ ವ್ಯಾಕರಣದ ಹೆಸರು ಗೊತ್ತಿರುವುದಿಲ್ಲ, ಆದರೆ ಈ ವ್ಯತ್ಯಾಸ ಅದರ ಕಿವಿಗೆ ಚೆನ್ನಾಗಿ ಗೊತ್ತಿರುತ್ತದೆ. ‘ಅಂತೆ’ ಎಂಬ ಒಂದು ಮಾತಿನಿಂದ ಕಾಗೆಯ ಮದುವೆಯೂ ಉಳಿಯುತ್ತದೆ, ಮಗುವಿಗೆ ಸುಳ್ಳು ಹೇಳಿದಂತೆಯೂ ಆಗುವುದಿಲ್ಲ.

ಮೊದಲು ಪ್ರಶ್ನೆ ಯಾವುದೆಂದು ತಿಳಿಯಿರಿ

ಮೂರರಲ್ಲಿ ಮಗು ಕೇಳುತ್ತಿರುವುದು ಯಾವುದೆಂದು ಗೊತ್ತಾಗದಿದ್ದಾಗ ‘ನಿನಗೇನನ್ನಿಸುತ್ತದೆ?’ ಎಂದು ಒಮ್ಮೆ ಮರಳಿ ಕೇಳುವುದು ಒಳ್ಳೆಯದು. ಚಂದ್ರ ನಮ್ಮ ಜೊತೆಗೇ ಯಾಕೆ ಬರುತ್ತಾನೆ ಎಂದು ಕೇಳಿದ ಮಗು, ಮರುಪ್ರಶ್ನೆಗೆ ‘ಅವನಿಗೂ ನಾವು ಇಷ್ಟ ಅಲ್ವಾ’ ಎನ್ನಬಹುದು, ಅಥವಾ ‘ಮರ ಎಲ್ಲಾ ಹಿಂದೆ ಹೋಗುತ್ತೆ, ಅವನು ಮಾತ್ರ ಹೋಗಲ್ಲ’ ಎನ್ನಬಹುದು. ಎರಡನೆಯ ಮಗು ಆಗಲೇ ಅರ್ಧ ದಾರಿ ಬಂದಿದೆ: ಹತ್ತಿರದ ವಸ್ತು ಬೇಗ ಹಿಂದೆ ಸರಿಯುತ್ತದೆ, ದೂರದ್ದು ನಿಧಾನವಾಗಿ ಸರಿಯುತ್ತದೆ, ಚಂದ್ರ ಸುಮಾರು 3,84,000 ಕಿಲೋಮೀಟರ್ ದೂರದಲ್ಲಿರುವುದರಿಂದ ನಮ್ಮ ನಡಿಗೆಗೆ ಅವನು ಸರಿದದ್ದು ಕಾಣುವುದೇ ಇಲ್ಲ ಎಂದು ಮುಗಿಸಿದರೆ ಸಾಕು. ಮೊದಲನೆಯ ಮಗುವಿಗೆ ಬೆಟ್ಟವನ್ನೂ ದಾರಿಬದಿಯ ಕಂಬವನ್ನೂ ತೋರಿಸಿ ಅಲ್ಲಿಂದ ಶುರು ಮಾಡಬೇಕು. ಆದರೆ ಪ್ರತಿಯೊಂದು ಪ್ರಶ್ನೆಗೂ ಮರುಪ್ರಶ್ನೆ ಹಾಕುವುದು ಹಾರಿಕೆಯ ಉತ್ತರವೇ ಸರಿ, ಮತ್ತು ಮಕ್ಕಳು ಅದನ್ನು ಮೂರನೆಯ ಸಲಕ್ಕೆ ಪತ್ತೆ ಮಾಡಿಬಿಡುತ್ತಾರೆ.

ಉತ್ತರದ ಉದ್ದವನ್ನೂ ಮಗುವೇ ಅಳೆಯಲಿ. ಒಂದು ವಾಕ್ಯ ಹೇಳಿ ನಿಲ್ಲಿಸಿ ನೋಡಿ. ಇನ್ನೂ ಬೇಕಿದ್ದರೆ ‘ಮತ್ತೆ?’ ಎಂಬ ಮಾತು ತಾನಾಗಿ ಬರುತ್ತದೆ. ಬರದಿದ್ದರೆ ಅಲ್ಲಿಗೆ ಮುಗಿಯಿತು. ದೊಡ್ಡವರು ತಮಗೆ ಗೊತ್ತಿರುವುದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುವ ಹೊತ್ತಿಗೆ ಮಗು ಬೇರೊಂದು ಆಟದಲ್ಲಿರುತ್ತದೆ, ಮತ್ತು ಮುಂದಿನ ಸಲ ಪ್ರಶ್ನೆ ಕೇಳುವ ಮುನ್ನ ಎರಡು ಬಾರಿ ಯೋಚಿಸುತ್ತದೆ.

ಹಬ್ಬದ ತಾರೀಖು ಓಡಾಡುವುದೇಕೆ

ಹಬ್ಬದ ಬಗ್ಗೆ ಮಕ್ಕಳು ಕೇಳುವ ಪ್ರಶ್ನೆಗಳಲ್ಲಿ ದಿನಾಂಕದ ಪ್ರಶ್ನೆಗೆ ಹೆಚ್ಚು ಹೊತ್ತು ಕೊಡಬೇಕು, ಏಕೆಂದರೆ ಹಬ್ಬವೂ ವಿಜ್ಞಾನವೂ ಒಂದೇ ಹಗ್ಗದಲ್ಲಿ ಹೆಣೆದುಕೊಂಡಿರುವುದು ಅಲ್ಲಿಯೇ. ‘ನನ್ನ ಹುಟ್ಟುಹಬ್ಬ ಅದೇ ತಾರೀಖಿಗೆ ಬರುತ್ತೆ, ದೀಪಾವಳಿ ಯಾಕೆ ಬರಲ್ಲ?’ ಎಂಬ ಪ್ರಶ್ನೆಗೆ ‘ಅದು ಪಂಚಾಂಗದ ಪ್ರಕಾರ’ ಎನ್ನುವುದು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಅದಕ್ಕಿಂತ ಒಂದು ಕತ್ತರಿ, ಒಂದು ಅಳತೆಪಟ್ಟಿ, ಒಂದಿಷ್ಟು ಹಳೆಯ ಕಾಗದ ತೆಗೆದುಕೊಂಡು ಮಗುವಿನ ಜೊತೆ ನೆಲದ ಮೇಲೆ ಕುಳಿತುಕೊಳ್ಳಿ.

ಒಂದು ದಿನಕ್ಕೆ ಒಂದು ಮಿಲಿಮೀಟರ್ ಎಂದು ಇಟ್ಟುಕೊಳ್ಳಿ. ಭೂಮಿ ಸೂರ್ಯನನ್ನು ಒಂದು ಸುತ್ತು ಬರಲು ಸುಮಾರು 365 ದಿನ ಬೇಕು. ಹಾಗಾಗಿ 365 ಮಿಲಿಮೀಟರ್ ಉದ್ದದ ಮೂರು ಪಟ್ಟಿಗಳನ್ನು ಕತ್ತರಿಸಿ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಸುಮಾರು ಇಪ್ಪತ್ತೊಂಬತ್ತೂವರೆ ದಿನ; ಹನ್ನೆರಡು ಅಮಾವಾಸ್ಯೆಗಳಿಗೆ 354 ದಿನ. ಬೇರೆ ಬಣ್ಣದಲ್ಲಿ ಆ ಉದ್ದದ ಮೂರು ಪಟ್ಟಿಗಳನ್ನು ಕತ್ತರಿಸಿ. ಈಗ ಸೂರ್ಯನ ಪಟ್ಟಿಗಳನ್ನು ಒಂದರ ತುದಿಗೆ ಒಂದನ್ನಿಟ್ಟು ಉದ್ದಕ್ಕೆ ಜೋಡಿಸಿ, ಅದರ ಪಕ್ಕದಲ್ಲಿ ಚಂದ್ರನ ಪಟ್ಟಿಗಳನ್ನೂ ಹಾಗೆಯೇ ಜೋಡಿಸಿ. ಮೊದಲ ವರ್ಷದ ಕೊನೆಗೆ ಚಂದ್ರನ ಸಾಲು 11 ಮಿಲಿಮೀಟರ್ ಮೊದಲೇ ಮುಗಿದಿರುತ್ತದೆ, ಎರಡನೆಯದಕ್ಕೆ 22, ಮೂರನೆಯದಕ್ಕೆ 33. ಆ ಕೊನೆಯ ಕಂದಕದಲ್ಲಿ ಒಂದು ಇಡೀ ತಿಂಗಳು ಹಿಡಿಸುತ್ತದೆ ಎಂಬುದನ್ನು ಮಗುವೇ ಬೆರಳಿಟ್ಟು ಹೇಳುತ್ತದೆ. 30 ಮಿಲಿಮೀಟರಿನ ಒಂದು ಚೂರನ್ನು ಅಲ್ಲಿಗೆ ಸೇರಿಸಿ; ಅದರ ಹೆಸರು ಅಧಿಕ ಮಾಸ. ಸುಮಾರು ಮೂವತ್ತೆರಡು ಮೂವತ್ತಮೂರು ತಿಂಗಳಿಗೊಮ್ಮೆ ಅದು ಬರುತ್ತದೆ. ದೀಪಾವಳಿ 2024ರಲ್ಲಿ ಅಕ್ಟೋಬರ್ ಕೊನೆಗೆ ಬಂದು, 2025ರಲ್ಲಿ ಅಕ್ಟೋಬರ್ 20ರ ಹೊತ್ತಿಗೆ ಹಿಂದೆ ಸರಿದು, 2026ರಲ್ಲಿ ಒಮ್ಮೆಲೇ ನವೆಂಬರ್ 8ರ ಹೊತ್ತಿಗೆ ಮುಂದೆ ಜಿಗಿಯುವುದು ಇದರಿಂದಲೇ; 2026ರಲ್ಲಿ ಜ್ಯೇಷ್ಠ ಮಾಸ ಎರಡು ಸಲ ಬರುತ್ತದೆ. ಚೀನೀಯರ ಹೊಸ ವರ್ಷವೂ ಇಂಥದೇ ಲೆಕ್ಕದಿಂದ 2025ರ ಜನವರಿ 29ರಿಂದ 2026ರ ಫೆಬ್ರವರಿ 17ಕ್ಕೆ ಹೋಗುತ್ತದೆ.

ಪಟ್ಟಿಗಳು ಇನ್ನೂ ನೆಲದ ಮೇಲೆ ಇರುವಾಗಲೇ ಆ 30 ಮಿಲಿಮೀಟರಿನ ಚೂರನ್ನು ಎತ್ತಿಬಿಡಿ. ಇಸ್ಲಾಮಿ ಪಂಚಾಂಗ ಹೀಗಿದೆ: ಅದು ಚಂದ್ರನನ್ನು ಮಾತ್ರ ಅನುಸರಿಸುತ್ತದೆ, ತಿಂಗಳು ಸೇರಿಸುವುದಿಲ್ಲ. ಆದ್ದರಿಂದ ಈದ್ ಉಲ್ ಫಿತ್ರ್ 2024ರಲ್ಲಿ ಏಪ್ರಿಲ್ 10ರ ಸುಮಾರಿಗೆ, 2025ರಲ್ಲಿ ಮಾರ್ಚ್ 31ರ ಸುಮಾರಿಗೆ, 2026ರಲ್ಲಿ ಮಾರ್ಚ್ 20ರ ಸುಮಾರಿಗೆ, ಹೀಗೆ ಹಿಂದೆ ಹಿಂದೆ ಸರಿಯುತ್ತ ಸುಮಾರು ಮೂವತ್ತಮೂರು ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. ಕ್ರಿಸ್‌ಮಸ್ ಸೂರ್ಯನ ಪಟ್ಟಿಗೇ ಅಂಟಿಕೊಂಡಿರುವುದರಿಂದ ಡಿಸೆಂಬರ್ 25ನ್ನು ಬಿಟ್ಟು ಕದಲುವುದಿಲ್ಲ. ಈಸ್ಟರ್‌ಗೆ ಎರಡೂ ಬೇಕು: ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಹುಣ್ಣಿಮೆ, ಆ ಹುಣ್ಣಿಮೆಯಾದ ಮೇಲಿನ ಭಾನುವಾರ, ಹಾಗಾಗಿ ಪಾಶ್ಚಾತ್ಯ ಚರ್ಚುಗಳಲ್ಲಿ ಅದು ಮಾರ್ಚ್ 22ರಿಂದ ಏಪ್ರಿಲ್ 25ರ ನಡುವೆ ಎಲ್ಲಿಯಾದರೂ ಬೀಳಬಹುದು. ಯಾರ ಹಬ್ಬ ಸರಿ, ಯಾರದು ತಪ್ಪು ಎಂಬ ಮಾತೇ ಏಳದಂತೆ, ಯಾರು ಯಾವ ಪಟ್ಟಿಯನ್ನು ಹಿಡಿದಿದ್ದಾರೆ ಎಂದು ಮಗು ನೋಡುತ್ತದೆ. ನನಗೆ ಗೊತ್ತಿರುವ ಮಟ್ಟಿಗೆ, ‘ಅವರು ನಮ್ಮ ಹಬ್ಬ ಯಾಕೆ ಮಾಡಲ್ಲ?’ ಎಂಬ ಸೂಕ್ಷ್ಮ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಪೀಠಿಕೆ ಇಲ್ಲ.

ಕ್ಯಾಲೆಂಡರಿನ ವಿಚಾರದಲ್ಲಿ ದಾಖಲೆಗಳಿರುವುದರಿಂದ ‘ಅಂತೆ’ಯ ಅಗತ್ಯ ಕಡಿಮೆ. ಹೆಚ್ಚಿನ ಒಂದು ದಿನ ಫೆಬ್ರವರಿಗೇ ಯಾಕೆ ಎಂದು ಕೇಳಿದರೆ, ರೋಮನ್ನರ ಹಳೆಯ ವರ್ಷ ಮಾರ್ಚಿನಿಂದ ಶುರುವಾಗಿ ಫೆಬ್ರವರಿಗೆ ಮುಗಿಯುತ್ತಿತ್ತು, ಲೆಕ್ಕ ಸರಿಮಾಡುವ ಕೆಲಸವೆಲ್ಲ ಕೊನೆಯ ತಿಂಗಳ ತಲೆಗೆ ಬೀಳುತ್ತಿತ್ತು ಎಂದು ನೇರವಾಗಿ ಹೇಳಬಹುದು. ಗುರುತು ಬೇಕೆಂದರೆ ಸೆಪ್ಟೆಂಬರ್, ಅಕ್ಟೋಬರ್, ನವೆಂಬರ್, ಡಿಸೆಂಬರ್ ಎಂಬ ಹೆಸರುಗಳಲ್ಲಿ ಲ್ಯಾಟಿನ್ ಭಾಷೆಯ ಏಳು, ಎಂಟು, ಒಂಬತ್ತು, ಹತ್ತು ಅಡಗಿವೆ. ಮಾರ್ಚಿನಿಂದ ಎಣಿಸಿದರೆ ಮಾತ್ರ ಅವು ಸರಿಹೋಗುತ್ತವೆ. ಮಗು ಬೆರಳು ಮಡಚಿ ಎಣಿಸಿಯೇ ನೋಡುತ್ತದೆ. 1582ರಲ್ಲಿ ಅಕ್ಟೋಬರ್ 4ರ ಮಾರನೆಯ ದಿನವನ್ನು ಅಕ್ಟೋಬರ್ 15 ಎಂದು ಕರೆದು ಹತ್ತು ದಿನಗಳನ್ನು ಕ್ಯಾಲೆಂಡರಿನಿಂದ ಕಿತ್ತುಹಾಕಿದ ಸಂಗತಿಯನ್ನು ಹೇಳಿದರೆ, ಆ ಹತ್ತು ದಿನಗಳಲ್ಲಿ ಹುಟ್ಟುಹಬ್ಬ ಇದ್ದವರ ಗತಿಯೇನು ಎಂಬ ಪ್ರಶ್ನೆ ಬಂದೇ ಬರುತ್ತದೆ. ಅದಕ್ಕೆ ಸಿದ್ಧರಾಗಿರಿ.

ಹಬ್ಬದ ಹುಟ್ಟಿನ ಕಥೆ ಬಂದಾಗ ಮಾತ್ರ ಕಾಲೂರುವ ಮುನ್ನ ನೋಡಬೇಕು. ಒಂದೇ ಹಬ್ಬಕ್ಕೆ ನಾಲ್ಕು ಕಥೆಗಳಿರುವುದು ಅಪರೂಪವಲ್ಲ, ಅವುಗಳಲ್ಲಿ ಒಂದನ್ನು ಆರಿಸಿ ‘ಇದೇ ಕಾರಣ’ ಎಂದುಬಿಟ್ಟರೆ ನಾಳೆ ಗೆಳೆಯನ ಮನೆಯಲ್ಲಿ ಬೇರೆ ಕಥೆ ಕೇಳಿದ ಮಗು ಇಬ್ಬರಲ್ಲಿ ಒಬ್ಬರನ್ನು ಸುಳ್ಳುಗಾರ ಎಂದುಕೊಳ್ಳುತ್ತದೆ. ‘ಕೆಲವರು ಹೀಗೆ ಹೇಳುತ್ತಾರೆ, ಇನ್ನು ಕೆಲವರು ಹಾಗೆ’ ಎಂದು ಎರಡನ್ನಾದರೂ ಹೇಳಿ.

ರಾಹು ಸುಳ್ಳಾ?

ಗ್ರಹಣದ ಕಥೆ ಎಲ್ಲ ಕಡೆ ಇದೆ. ನಮ್ಮಲ್ಲಿ ರಾಹು ನುಂಗುತ್ತಾನೆ, ಚೀನೀಯರ ಕಥೆಗಳಲ್ಲಿ ಡ್ರ್ಯಾಗನ್ ನುಂಗುತ್ತದೆ, ಉತ್ತರ ಯುರೋಪಿನ ನಾರ್ಸ್ ಕಥೆಗಳಲ್ಲಿ ತೋಳಗಳು ಸೂರ್ಯಚಂದ್ರರನ್ನು ಅಟ್ಟಿಸಿಕೊಂಡು ಹೋಗುತ್ತವೆ. ಶಾಲೆಯಲ್ಲಿ ನೆರಳಿನ ಚಿತ್ರ ನೋಡಿ ಬಂದ ಮಗು ಒಂದು ಸಂಜೆ ‘ಹಾಗಾದ್ರೆ ರಾಹು ಸುಳ್ಳಾ?’ ಎಂದು ಕೇಳಿದಾಗ ಕಥೆಗೂ ಸುಳ್ಳಿಗೂ ಇರುವ ಗೆರೆಯನ್ನು ತೋರಿಸುವ ಅವಕಾಶ ತಾನಾಗಿ ಒದಗುತ್ತದೆ. ಸುಳ್ಳು ಎಂದರೆ ಮೋಸ ಮಾಡಲು ಹೇಳಿದ್ದು. ಕಥೆ ಹೇಳಿದವರು ಆಕಾಶದಲ್ಲಿ ಕಂಡದ್ದನ್ನು ತಮಗೆ ಗೊತ್ತಿದ್ದ ಚಿತ್ರದಲ್ಲಿ ಹೇಳಿದರು. ಅಂಚಿನಿಂದ ಸ್ವಲ್ಪ ಸ್ವಲ್ಪವಾಗಿ ಕರಗುವ ಚಂದ್ರನನ್ನು ಕಂಡವರಿಗೆ ಯಾರೋ ಕಚ್ಚಿ ತಿಂದಂತೆ ಅನ್ನಿಸಿದ್ದರೆ ಆಶ್ಚರ್ಯವೇನಿಲ್ಲ. ಜೊತೆಗೆ ಇದನ್ನೂ ಹೇಳಿ: 499ರಲ್ಲಿ ಆರ್ಯಭಟ ಎಂಬ ಇಪ್ಪತ್ತಮೂರು ವರ್ಷದ ಯುವಕ, ಸೂರ್ಯನನ್ನು ಮುಚ್ಚುವುದು ಚಂದ್ರ, ಚಂದ್ರನನ್ನು ಮುಚ್ಚುವುದು ಭೂಮಿಯ ನೆರಳು ಎಂದು ಬರೆದ. ಇನ್ನೊಂದು ಸ್ವಾರಸ್ಯವೆಂದರೆ ಭಾರತೀಯ ಖಗೋಳ ಗಣಿತದಲ್ಲಿ ರಾಹು ಕೇತು ಎಂಬ ಹೆಸರುಗಳು ಉಳಿದುಕೊಂಡವು. ಸೂರ್ಯನ ತೋರಿಕೆಯ ದಾರಿಯನ್ನು ಚಂದ್ರನ ದಾರಿ ಅಡ್ಡ ಹಾಯುವ ಎರಡು ಬಿಂದುಗಳಿಗೆ ಆ ಹೆಸರು, ಗ್ರಹಣ ಆಗುವುದೂ ಆ ಬಿಂದುಗಳ ಬಳಿಯಲ್ಲಿಯೇ. ಕಥೆಯಲ್ಲಿದ್ದ ರಾಹು ಗಣಿತದೊಳಕ್ಕೆ ಬಂದು ಕೂತ ಎಂದು ಹೇಳಿದರೆ ಮಗು ಅವನನ್ನು ಕಳೆದುಕೊಂಡ ದುಃಖವನ್ನು ಮರೆಯುತ್ತದೆ.

ಇದನ್ನು ಕತ್ತಲೆ ಕೋಣೆಯಲ್ಲಿ ತೋರಿಸಬಹುದು. ಕೋಣೆಯಲ್ಲಿ ಒಂದೇ ದೀಪ ಇರಲಿ, ಅದು ಮಗುವಿನ ತಲೆಯ ಎತ್ತರದಲ್ಲಿರಲಿ. ಕಡ್ಡಿಗೆ ಚುಚ್ಚಿದ ಒಂದು ಬಿಳಿ ಚೆಂಡನ್ನು ಮಗು ತೋಳು ಚಾಚಿ, ತಲೆಗಿಂತ ಸ್ವಲ್ಪ ಮೇಲೆ ಹಿಡಿಯಲಿ. ಮಗುವಿನ ತಲೆಯೇ ಭೂಮಿ. ನಿಂತಲ್ಲಿಯೇ ನಿಧಾನವಾಗಿ ಎಡಕ್ಕೆ ತಿರುಗುತ್ತ ಹೋದರೆ ಚೆಂಡಿನ ಮೇಲೆ ಮೊದಲು ತೆಳುವಾದ ಬಿದಿಗೆಯ ಗೆರೆ, ಆಮೇಲೆ ಅರ್ಧ, ದೀಪಕ್ಕೆ ಬೆನ್ನು ಹಾಕಿದಾಗ ಪೂರ್ಣ ಬೆಳಕು, ಮತ್ತೆ ಇಳಿಮುಖ, ಎಲ್ಲವೂ ಕಾಣುತ್ತದೆ. ಈಗ ಚೆಂಡನ್ನು ಸರಿಯಾಗಿ ತಲೆಯ ಮಟ್ಟಕ್ಕೆ ಇಳಿಸಿ ಮತ್ತೊಂದು ಸುತ್ತು ತಿರುಗಲು ಹೇಳಿ. ಬೆನ್ನು ದೀಪಕ್ಕೆ ಬಂದ ಕೂಡಲೇ ಮಗುವಿನ ತಲೆಯ ನೆರಳು ಚೆಂಡನ್ನು ನುಂಗುತ್ತದೆ: ಅದು ಚಂದ್ರಗ್ರಹಣ. ದೀಪದ ಎದುರು ಚೆಂಡು ಬಂದಾಗ ಚೆಂಡೇ ದೀಪವನ್ನು ಮುಚ್ಚುತ್ತದೆ: ಅದು ಸೂರ್ಯಗ್ರಹಣ. ಪ್ರತಿ ಹುಣ್ಣಿಮೆಗೂ ಗ್ರಹಣ ಯಾಕಿಲ್ಲ ಎಂಬ ಪ್ರಶ್ನೆಗೆ ಉತ್ತರ ಮಗುವಿನ ಕೈಯಲ್ಲಿಯೇ ಇದೆ, ಚೆಂಡು ಸಾಮಾನ್ಯವಾಗಿ ಸ್ವಲ್ಪ ಮೇಲೋ ಕೆಳಗೋ ಹಾದುಹೋಗುತ್ತದೆ. ಚಂದ್ರನ ದಾರಿ ಸುಮಾರು 5 ಡಿಗ್ರಿ ಓರೆಯಾಗಿದೆ. ಇಷ್ಟಾದ ಮೇಲೆ ಒಂದು ಎಚ್ಚರಿಕೆಯನ್ನು ಮಾತ್ರ ಯಾವ ‘ಅಂತೆ’ಯೂ ಇಲ್ಲದೆ ಹೇಳಬೇಕು. ಸೂರ್ಯಗ್ರಹಣವನ್ನು ಬರಿಗಣ್ಣಿನಿಂದ ನೋಡಿದರೆ ಕಣ್ಣಿನ ಪರದೆ ಸುಡುತ್ತದೆ, ಸುಡುವಾಗ ನೋವೂ ಗೊತ್ತಾಗುವುದಿಲ್ಲ. ಅದಕ್ಕೆಂದೇ ಮಾಡಿದ ಕನ್ನಡಕ ಬೇಕು. ಚಂದ್ರಗ್ರಹಣವನ್ನು ಎಷ್ಟು ಹೊತ್ತು ಬೇಕಾದರೂ ನೋಡಬಹುದು.

ಈ ಚೆಂಡಿನ ಪ್ರಯೋಗವನ್ನು ನಾನು ಕಲಿತದ್ದು ಮುಖಭಂಗವಾದ ಮೇಲೆ. ಚಂದ್ರ ಕ್ಷೀಣಿಸುವುದು ಭೂಮಿಯ ನೆರಳಿನಿಂದ ಎಂದು ನಾನು ಬಹಳ ಗತ್ತಿನಿಂದ ಎಂಟು ವರ್ಷದವಳಿಗೆ ಹೇಳಿದ್ದೆ. ಕೆಲವು ದಿನಗಳ ನಂತರ ಬೆಳಿಗ್ಗೆ ಎಂಟರ ಹೊತ್ತಿಗೆ ಅವಳು ಬಿಸಿಲಿನಲ್ಲಿ ನಿಂತು ಮೇಲೆ ಉಳಿದಿದ್ದ ಅರ್ಧಚಂದ್ರನನ್ನು ತೋರಿಸಿ, ‘ಸೂರ್ಯ ಆ ಕಡೆ ಇದ್ದಾನೆ, ನೆರಳು ಅವನ ಎದುರುಗಡೆ ತಾನೆ ಬೀಳಬೇಕು? ಚಂದ್ರ ಪಕ್ಕದಲ್ಲಿ ಇದ್ದಾನಲ್ಲ’ ಎಂದಳು. ಅವಳು ಸರಿ, ನಾನು ತಪ್ಪು. ಭೂಮಿಯ ನೆರಳಿಗೂ ಚಂದ್ರ ತಿಂಗಳು ತಿಂಗಳೂ ಬೆಳೆದು ಕ್ಷೀಣಿಸುವುದಕ್ಕೂ ಸಂಬಂಧವೇ ಇಲ್ಲ. ಸದಾ ಅರ್ಧ ಬೆಳಗಿರುವ ಚೆಂಡನ್ನು ನಾವು ಬೇರೆ ಬೇರೆ ಕೋನಗಳಿಂದ ನೋಡುತ್ತೇವೆ, ಅಷ್ಟೆ.

ಆಚರಣೆಗೆ ವಿಜ್ಞಾನದ ಅಂಗಿ ತೊಡಿಸಬೇಡಿ

ಮಕ್ಕಳಿಗೆ ಉತ್ತರ ಹೇಳುವವರು ಮಾಡುವ ತಪ್ಪುಗಳಲ್ಲಿ ನನ್ನ ಮಟ್ಟಿಗೆ ಅತಿ ದೊಡ್ಡದು ಇದು: ಪ್ರತಿಯೊಂದು ನಂಬಿಕೆಗೂ ‘ವೈಜ್ಞಾನಿಕ ಕಾರಣ’ ಹುಡುಕುವುದು. ರಾತ್ರಿ ಮರದ ಕೆಳಗೆ ಮಲಗಬಾರದು, ಅಲ್ಲಿ ದೆವ್ವ ಇರುತ್ತದಂತೆ ಎಂಬುದು ಕಥೆ. ಅದನ್ನು ಬಿಟ್ಟು, ರಾತ್ರಿ ಮರಗಳು ಇಂಗಾಲದ ಡೈಆಕ್ಸೈಡ್ ಬಿಡುತ್ತವೆ, ಹಾಗಾಗಿ ಉಸಿರು ಕಟ್ಟುತ್ತದೆ, ನಮ್ಮ ಹಿರಿಯರಿಗೆ ಇದು ಗೊತ್ತಿತ್ತು ಎಂದು ಹೇಳುವವರು ತುಂಬ ಇದ್ದಾರೆ. ಇದರಲ್ಲಿ ಅರ್ಧ ನಿಜ. ಮರ ಹಗಲೂ ರಾತ್ರಿಯೂ ಉಸಿರಾಡುತ್ತದೆ, ಬೆಳಕಿಲ್ಲದಾಗ ಆಹಾರ ತಯಾರಿಸುವ ಕೆಲಸ ನಿಲ್ಲುವುದರಿಂದ ರಾತ್ರಿ ಅದು ಡೈಆಕ್ಸೈಡನ್ನೇ ಹೊರಬಿಡುತ್ತದೆ. ಆದರೆ ಬಯಲಿನಲ್ಲಿ ಗಾಳಿ ಅದನ್ನು ಬೆರೆಸಿಕೊಂಡು ಹೋಗುತ್ತದೆ. ಉಸಿರು ಕಟ್ಟುವ ಮಾತೇ ಇಲ್ಲ. ಇಲ್ಲವಾದರೆ ಕಾಡಿನಲ್ಲಿ ಮಲಗುವ ಜಿಂಕೆಗಳ ಗತಿಯೇನು ಎಂದು ಹತ್ತು ವರ್ಷದ ಮಗುವೇ ಕೇಳಬಲ್ಲದು. ಕಥೆಯನ್ನು ಕಥೆ ಎಂದು ಹೇಳಿದ್ದರೆ ಏನೂ ಕೆಡುತ್ತಿರಲಿಲ್ಲ. ವಿಜ್ಞಾನ ಎಂದು ಹೇಳಿದ್ದರಿಂದ ಒಂದು ದಿನ ಎರಡರ ಮೇಲೂ ನಂಬಿಕೆ ಹೋಗುತ್ತದೆ.

ರಾತ್ರಿ ಉಗುರು ಕತ್ತರಿಸಬಾರದು ಎಂಬ ಮಾತು ನಮ್ಮಲ್ಲಿರುವಂತೆ ಜಪಾನಿನಲ್ಲಿಯೂ ಇದೆ. ಎಣ್ಣೆದೀಪದ ಮಂಕು ಬೆಳಕಿನಲ್ಲಿ ಬೆರಳು ಕೊಯ್ದುಕೊಂಡಾರು ಎಂಬ ಭಯದಿಂದ ಅದು ಹುಟ್ಟಿರಬಹುದು. ಇಲ್ಲಿ ‘ಇರಬಹುದು’ ಎಂಬುದನ್ನು ನುಂಗಬಾರದು. ಊಹೆ ಎಷ್ಟೇ ಸೊಗಸಾಗಿ ಕೂತರೂ ಊಹೆಯೇ, ಮತ್ತು ‘ಈಗ ವಿದ್ಯುತ್ ದೀಪ ಇದೆಯಲ್ಲ, ಈಗಲೂ ಬೇಡವಾ?’ ಎಂಬ ಮಗುವಿನ ಮುಂದಿನ ಪ್ರಶ್ನೆಗೆ ಅದು ದಾರಿ ಬಿಡುತ್ತದೆ.

ಹಾಲುಹಲ್ಲು ಬಿದ್ದಾಗಿನ ಪ್ರಶ್ನೆ ಇದಕ್ಕಿಂತ ಮೃದುವಾದದ್ದು. ಸ್ಪೇನಿನ ಮಕ್ಕಳಿಗೆ ಪೆರೆಸ್ ಎಂಬ ಇಲಿ ದಿಂಬಿನ ಕೆಳಗಿನ ಹಲ್ಲನ್ನು ಒಯ್ಯುತ್ತದಂತೆ, ಇಂಗ್ಲಿಷ್ ಮಾತಾಡುವ ದೇಶಗಳಲ್ಲಿ ಒಬ್ಬ ಕಿನ್ನರಿ ಒಯ್ಯುತ್ತಾಳಂತೆ, ಜಪಾನಿನಲ್ಲಿ ಕೆಳಗಿನ ಹಲ್ಲನ್ನು ಮಾಡಿನ ಮೇಲಕ್ಕೂ ಮೇಲಿನ ಹಲ್ಲನ್ನು ನೆಲದ ಕೆಳಕ್ಕೂ ಎಸೆಯುತ್ತಾರೆ, ಹೊಸ ಹಲ್ಲು ಅದೇ ದಿಕ್ಕಿಗೆ ನೆಟ್ಟಗೆ ಬೆಳೆಯಲೆಂದು. ಕಿನ್ನರಿಯೋ ಸಾಂತಾಕ್ಲಾಸನೋ ನಿಜವಾಗಿ ಬರುತ್ತಾರೆಯೇ ಎಂದು ಮಗು ಆಟದ ನಡುವೆ ಕೇಳಿದರೆ ‘ನಿನಗೇನನ್ನಿಸುತ್ತದೆ’ ಎಂಬಲ್ಲಿಗೆ ಬಿಡಬಹುದು. ಆಟ ನಿಲ್ಲಿಸಿ, ಎದುರು ನಿಂತು, ಮುಖ ನೋಡುತ್ತ ಎರಡನೆಯ ಸಲ ಕೇಳಿದರೆ ಆ ಮಗುವಿಗೆ ಉತ್ತರ ಆಗಲೇ ಗೊತ್ತಿದೆ, ನೀವು ನಿಜ ಹೇಳುತ್ತೀರಾ ಎಂದು ನೋಡುತ್ತಿದೆ. ನಿಜ ಹೇಳಿ. ನಾಲ್ಕನೆಯ ಶತಮಾನದಲ್ಲಿ ಇಂದಿನ ಟರ್ಕಿಯಲ್ಲಿರುವ ಮೈರಾ ಎಂಬಲ್ಲಿ ನಿಕೊಲಾಸ್ ಎಂಬ ಬಿಷಪ್ ಇದ್ದ, ಅವನು ಗುಟ್ಟಾಗಿ ಉಡುಗೊರೆ ಕೊಡುತ್ತಿದ್ದನಂತೆ, ಆ ಕಥೆ ಬೆಳೆಯುತ್ತ ಬೆಳೆಯುತ್ತ ಕೆಂಪು ಅಂಗಿ ತೊಟ್ಟಿತು ಎಂದು ಹೇಳಿದರೆ ಆಟದ ಒಳಗುಟ್ಟು ತಿಳಿದ ದೊಡ್ಡವರ ಪಾಳಿಗೆ ಮಗುವೂ ಬಂದು ಸೇರುತ್ತದೆ.

ದೆವ್ವ ಇದೆಯಾ ಎಂಬ ಪ್ರಶ್ನೆ ಮಲಗುವ ಹೊತ್ತಿಗೆ ಬಂದರೆ ಅದು ಪ್ರಶ್ನೆಯಲ್ಲ, ಭಯ. ಮೊದಲು ಪಕ್ಕದಲ್ಲಿ ಕುಳಿತುಕೊಳ್ಳಿ. ಬಾಗಿಲು ಕಿರ್ ಎನ್ನುವುದು ರಾತ್ರಿಯ ತಂಪಿಗೆ ಮರ ಕುಗ್ಗುವುದರಿಂದ ಎಂಬ ವಿವರಣೆ ಬೆಳಿಗ್ಗೆ ಸಾಕು.

ಆಕಾಶ ನೀಲಿ, ಮತ್ತೆ?

ದಿನನಿತ್ಯದ ವಿಜ್ಞಾನದಲ್ಲಿ ದೊಡ್ಡವರು ಧೈರ್ಯವಾಗಿ ಹೇಳುವ ಕೆಲವು ತಪ್ಪು ಉತ್ತರಗಳಿವೆ, ಅವನ್ನು ಮೊದಲು ನಮ್ಮ ಬಾಯಿಂದ ತೆಗೆಯಬೇಕು. ಬೇಸಿಗೆಯಲ್ಲಿ ಭೂಮಿ ಸೂರ್ಯನಿಗೆ ಹತ್ತಿರ ಇರುತ್ತದೆ ಎಂಬುದು ಅಂಥದು. ಭೂಮಿ ಸೂರ್ಯನಿಗೆ ಅತಿ ಹತ್ತಿರ ಬರುವುದು ಜನವರಿ ಮೊದಲ ವಾರದಲ್ಲಿ, ಉತ್ತರ ಗೋಳಾರ್ಧ ಚಳಿಯಲ್ಲಿ ನಡುಗುತ್ತಿರುವಾಗ. ಋತುಗಳಿಗೆ ಕಾರಣ ಭೂಮಿಯ ಅಕ್ಷದ ಇಪ್ಪತ್ತಮೂರೂವರೆ ಡಿಗ್ರಿ ಓರೆ. ಭಾರವಾದದ್ದು ಬೇಗ ಬೀಳುತ್ತದೆ ಎಂಬುದು ಇನ್ನೊಂದು. 1971ರಲ್ಲಿ ಅಪೊಲೊ 15ರ ಡೇವಿಡ್ ಸ್ಕಾಟ್ ಗಾಳಿಯಿಲ್ಲದ ಚಂದ್ರನ ಮೇಲೆ ಸುತ್ತಿಗೆಯನ್ನೂ ಗರಿಯನ್ನೂ ಒಟ್ಟಿಗೆ ಬಿಟ್ಟಾಗ ಎರಡೂ ಒಟ್ಟಿಗೇ ನೆಲ ಮುಟ್ಟಿದವು. ಸಮುದ್ರದ ಪ್ರತಿಬಿಂಬದಿಂದ ಆಕಾಶ ನೀಲಿ ಎಂಬುದಂತೂ ತಲೆಕೆಳಗಾದ ಮಾತು.

ಆಕಾಶದ ನೀಲಿಯನ್ನು ಒಂದು ಲೋಟದಲ್ಲಿ ತೋರಿಸಬಹುದು. ನೇರ ಗೋಡೆಯ ಗಾಜಿನ ಲೋಟದಲ್ಲಿ ನೀರು ತುಂಬಿ, ಕತ್ತಲೆ ಮಾಡಿ, ಒಂದು ಬದಿಯಿಂದ ಬಿಳಿ ಟಾರ್ಚಿನ ಬೆಳಕು ಹಾಯಿಸಿ. ನೀರಿಗೆ ಒಂದೊಂದೇ ಹನಿ ಹಾಲು ಬಿಡುತ್ತ ಹೋಗಿ. ಮೂರು ನಾಲ್ಕು ಹನಿಗಳಾದ ಮೇಲೆ ಪಕ್ಕದಿಂದ ನೋಡಿದರೆ ನೀರು ತುಸು ನೀಲಿಯಾಗಿ ಹೊಳೆಯುತ್ತದೆ. ಟಾರ್ಚಿನ ಎದುರು ಬದಿಯಿಂದ ನೋಡಿದರೆ ಅದೇ ಬೆಳಕು ಹಳದಿಗೆ, ಇನ್ನೆರಡು ಹನಿಗೆ ಕಿತ್ತಳೆಗೆ ತಿರುಗಿರುತ್ತದೆ. ಹೆಚ್ಚು ಹಾಕಿದರೆ ಎಲ್ಲವೂ ಬಿಳಿಯಾಗಿ ಆಟ ಕೆಡುತ್ತದೆ, ಆದ್ದರಿಂದ ಹಾಲಿನ ಪಾತ್ರೆ ನಿಮ್ಮ ಕೈಯಲ್ಲೇ ಇರಲಿ. ಬಿಳಿ ಬೆಳಕಿನಲ್ಲಿರುವ ನೀಲಿ, ಕೆಂಪಿಗಿಂತ ನಾಲ್ಕೈದು ಪಟ್ಟು ಹೆಚ್ಚಾಗಿ ಗಾಳಿಯ ಕಣಗಳಿಂದ ಎಲ್ಲ ದಿಕ್ಕಿಗೂ ಚೆದುರುತ್ತದೆ, ಹಾಗಾಗಿ ತಲೆ ಎತ್ತಿದಲ್ಲೆಲ್ಲ ನೀಲಿ. ಸಂಜೆ ಬೆಳಕು ಗಾಳಿಯ ಉದ್ದನೆಯ ದಾರಿ ಹಾಯ್ದು ಬರುವುದರಿಂದ ನೀಲಿ ದಾರಿಯಲ್ಲೇ ಚೆದುರಿ ಹೋಗಿ ಕೆಂಪು ಉಳಿಯುತ್ತದೆ. ಐದು ವರ್ಷಕ್ಕೆ ‘ಗಾಳಿ ನೀಲಿಯನ್ನು ಎಲ್ಲಾ ಕಡೆ ಎರಚುತ್ತದೆ’ ಎಂಬಷ್ಟು ಸಾಕು. ಹನ್ನೆರಡಕ್ಕೆ ‘ನೇರಳೆ ಇನ್ನೂ ಹೆಚ್ಚು ಚೆದುರಬೇಕಲ್ಲ, ಆಕಾಶ ನೇರಳೆ ಯಾಕಲ್ಲ?’ ಎಂಬ ಪ್ರಶ್ನೆ ಬಂದರೆ ಸಂತೋಷಪಡಿ: ಸೂರ್ಯನ ಬೆಳಕಿನಲ್ಲಿ ನೇರಳೆ ಕಡಿಮೆ, ನಮ್ಮ ಕಣ್ಣೂ ಅದಕ್ಕೆ ಅಷ್ಟು ಸೂಕ್ಷ್ಮವಲ್ಲ.

ಸಮುದ್ರ ಯಾಕೆ ನೀಲಿ ಎಂಬ ಪ್ರಶ್ನೆ ಬಂದಾಗ ಸಿ. ವಿ. ರಾಮನ್ ಅವರ ಪ್ರಸಂಗವನ್ನು ಹೇಳದೆ ಇರಬಾರದು. 1921ರಲ್ಲಿ ಇಂಗ್ಲೆಂಡಿನಿಂದ ಹಡಗಿನಲ್ಲಿ ಹಿಂದಿರುಗುವಾಗ ಮೆಡಿಟರೇನಿಯನ್ ಸಮುದ್ರದ ನೀಲಿ ಅವರನ್ನು ಹಿಡಿದು ನಿಲ್ಲಿಸಿತು. ಅದು ಆಕಾಶದ ಪ್ರತಿಬಿಂಬ ಎಂದು ಲಾರ್ಡ್ ರ‍್ಯಾಲೆಯಂಥ ದೊಡ್ಡ ವಿಜ್ಞಾನಿ ಹೇಳಿದ್ದರು. ರಾಮನ್ ತಮ್ಮ ಬಳಿಯಿದ್ದ ಚಿಕ್ಕ ಪ್ರಿಸಮ್ಮಿನಿಂದ ಪ್ರತಿಬಿಂಬದ ಬೆಳಕನ್ನು ತಡೆದು ನೋಡಿದರು, ನೀಲಿ ಮಾಯವಾಗಲಿಲ್ಲ. ಬೆಳಕು ಚೆದುರುವುದರ ಬೆನ್ನು ಹತ್ತಿದ ಅವರು 1928ರ ಫೆಬ್ರವರಿ 28ರಂದು ‘ರಾಮನ್ ಪರಿಣಾಮ’ದ ಆವಿಷ್ಕಾರಕ್ಕೆ ತಲುಪಿದರು, 1930ರಲ್ಲಿ ನೊಬೆಲ್ ಬಂತು. ಮಗು ಕೇಳುವಂಥ ಪ್ರಶ್ನೆಯನ್ನೇ ಮೂವತ್ತಮೂರರ ಹತ್ತಿರದ ಒಬ್ಬರು ಕೇಳಿದರು, ಪುಸ್ತಕದಲ್ಲಿದ್ದ ಉತ್ತರವನ್ನು ಪರೀಕ್ಷಿಸದೆ ಒಪ್ಪಲಿಲ್ಲ.

ಉತ್ತರ ಗೊತ್ತಿಲ್ಲದಾಗ ‘ಗೊತ್ತಿಲ್ಲ’ ಎಂದರೆ ಯಾರೂ ಸಣ್ಣವರಾಗುವುದಿಲ್ಲ, ಆದರೆ ಅಲ್ಲಿಗೇ ಬಿಟ್ಟರೆ ಅದು ಬಾಯಿ ಮುಚ್ಚಿಸುವ ಇನ್ನೊಂದು ಉಪಾಯ. ಪ್ರಶ್ನೆಯನ್ನು ಮಗುವಿನ ಮಾತಿನಲ್ಲಿಯೇ ಒಂದು ಚೀಟಿಯಲ್ಲಿ ಬರೆದು ಕಣ್ಣಿಗೆ ಬೀಳುವಲ್ಲಿ ಅಂಟಿಸಿ, ಎರಡು ದಿನಗಳೊಳಗೆ ಹುಡುಕಿ ಹೇಳಿ. ತಪ್ಪು ಹೇಳಿದ್ದರೆ ಹಾಗೆಂದು ಒಪ್ಪಿಕೊಂಡು ತಿದ್ದಿ. ನನ್ನ ನೆರಳಿನ ಪ್ರಮಾದವನ್ನು ತಿದ್ದಿದ ಸಂಜೆ ಆ ಹುಡುಗಿ ಚೆಂಡು ಹಿಡಿದು ಐದು ಸುತ್ತು ತಿರುಗಿ ತಲೆ ಸುತ್ತಿಸಿಕೊಂಡಳು. ಮುಂದೆ ಒಂದು ತಿಂಗಳ ಮೇಲೆ ತನ್ನ ತಮ್ಮನಿಗೆ ಅದನ್ನೇ ತೋರಿಸುತ್ತಿದ್ದುದನ್ನು ಬಾಗಿಲ ಸಂದಿಯಿಂದ ಕೇಳಿಸಿಕೊಂಡೆ. ‘ಇದು ರಾಹು ನುಂಗೋದಂತೆ,’ ಎಂದು ಚೆಂಡನ್ನು ತನ್ನ ತಲೆಯ ನೆರಳಿಗೆ ಇಳಿಸಿದಳು. ತಮ್ಮ ದೀಪವನ್ನೂ ಚೆಂಡನ್ನೂ ಅವಳ ತಲೆಯನ್ನೂ ಒಮ್ಮೆ ನೋಡಿ, ‘ಹಾಗಾದ್ರೆ ನೀನೇ ರಾಹು’ ಎಂದ.